ಪೆಟ್ಟಾದ ಸ್ನಾಯು ಮತ್ತೆ ಬೆಳೆಯುವುದೆಂತು?

ಹರೆಯದಲ್ಲಿ ಬಿದ್ದು ತೊಡೆಗೆ ಪೆಟ್ಟಾದರೆ ಕೆಲವೇ ದಿನಗಳಲ್ಲಿ ಮೊದಲಿನಂತೆ ನಡೆದಾಡುತ್ತೇವೆ. ಅದೇ ಪೆಟ್ಟು ಎಪ್ಪತ್ತರ ವಯಸ್ಸಿನಲ್ಲಿ ವಾರಗಟ್ಟಲೆ ಹಾಸಿಗೆ ಹಿಡಿಸುತ್ತದೆ. ಈ ಅಂತರಕ್ಕೆ ಕಾರಣಗಳು ಹಲವು. ಜೀವಕೋಶದೊಳಗಿನ ಮೈಟೊಕಾಂಡ್ರಿಯಗಳು ತಮ್ಮ ಸಂಕಟವನ್ನು ತಿಳಿಸುವ ವ್ಯವಸ್ಥೆ ಕುಂದುವುದೂ ಅವುಗಳಲ್ಲಿ ಒಂದೆಂದು ಸಂಶೋಧನೆಗಳು ಸೂಚಿಸುತ್ತವೆ.

ಆಹಾರದಿಂದ ಶಕ್ತಿಯನ್ನು ಉತ್ಪಾದಿಸುವುದು ಮುಖ್ಯವಾಗಿ ಮೈಟೊಕಾಂಡ್ರಿಯಗಳ ಕಾರ್ಯ. ಮನುಷ್ಯನಲ್ಲಿ ಅವುಗಳ ಸ್ವಂತ ಡಿ.ಎನ್.ಎ.ಯಲ್ಲಿರುವುದು 13 ಪ್ರೋಟೀನುಗಳ ಸೂತ್ರ ಮಾತ್ರ. ಉಳಿದ ಸಾವಿರಕ್ಕೂ ಮಿಕ್ಕ ಪ್ರೋಟೀನುಗಳ ಸೂತ್ರ ಕೋಶಕೇಂದ್ರದಲ್ಲಿದೆ; ಅವು ಹೊರಗೆ ತಯಾರಾಗಿ ಒಳಗೆ ರವಾನೆಯಾಗಬೇಕು. ಸರಿಯಾಗಿ ಮಡಚಿಕೊಳ್ಳದ ಪ್ರೋಟೀನುಗಳು ರಾಶಿಬಿದ್ದಾಗ ಮೈಟೊಕಾಂಡ್ರಿಯ ಒತ್ತಡಕ್ಕೆ ಸಿಲುಕುತ್ತದೆ.

ಈ ಸುದ್ದಿ ಕೋಶಕೇಂದ್ರವನ್ನು ಮುಟ್ಟುವ ಬಗೆ ಸ್ವಾರಸ್ಯಕರವಾದುದು. ಬ್ಯಾಂಕಿನ ಪ್ರಧಾನ ಕಚೇರಿಯಿಂದ ಶಾಖೆಗೆ ಕಳುಹಿಸಿದ ಟಪಾಲು ಬಟವಾಡೆಯಾಗದೆ ಮರಳಿದರೆ, ಅಲ್ಲೇನೋ ತೊಂದರೆಯಾಗಿದೆ ಎಂದು ತಿಳಿಯುವುದಲ್ಲವೆ? ಇಲ್ಲಿಯೂ ಹಾಗೆಯೇ. ಸಿ. ಎಲಿಗನ್ಸ್ ಎಂಬ ಸುಮಾರು 1 ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಎ.ಟಿ.ಎಫ್.ಎಸ್.-1 ಎಂಬ ಪ್ರೋಟೀನು ಸಾಮಾನ್ಯವಾಗಿ ಮೈಟೊಕಾಂಡ್ರಿಯವನ್ನು ಹೊಕ್ಕು ಅಲ್ಲಿಯೇ ನಾಶವಾಗುತ್ತದೆ. ಒತ್ತಡವಿದ್ದಾಗ ಅದಕ್ಕೆ ಒಳಗೆ ಪ್ರವೇಶ ದೊರೆಯದು. ಆಗ ಅದು ಕೋಶಕೇಂದ್ರಕ್ಕೆ ಸಾಗಿ ದುರಸ್ತಿಯ ಜೀನುಗಳನ್ನು ಎಚ್ಚರಿಸುತ್ತದೆ. ಇದು 2012ರಲ್ಲಿ ಪ್ರಕಟವಾದ ಶೋಧ. ಸಸ್ತನಿಗಳಲ್ಲಿಯೂ ಇಂಥದೇ ವ್ಯವಸ್ಥೆಯುಂಟು.

ಅಂಗಾಂಶದ ಮರುಬೆಳವಣಿಗೆಗೂ ಇದಕ್ಕೂ ಏನು ಸಂಬಂಧ? ಸ್ನಾಯುವಿಗೆ ಪೆಟ್ಟಾದಾಗ, ಅಲ್ಲಿ ವಿಶ್ರಾಂತಿಯಲ್ಲಿರುವ ಸ್ಟೆಮ್ ಸೆಲ್‌ಗಳು ಎಚ್ಚೆತ್ತು ವಿಭಜನೆಗೊಂಡು ಹೊಸ ಸ್ನಾಯುವನ್ನು ಕಟ್ಟಬೇಕು. ಅದಕ್ಕೆ ಸುಸ್ಥಿತಿಯಲ್ಲಿರುವ ಮೈಟೊಕಾಂಡ್ರಿಯ ಅವಶ್ಯ. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಯೋಹಾನ್ ಔವರ್ಕ್ಸ್ ಅವರ ತಂಡ ಮುದಿ ಇಲಿಗಳ ಸ್ಟೆಮ್ ಸೆಲ್‌ಗಳಲ್ಲಿ ಈ ದುರಸ್ತಿ ವ್ಯವಸ್ಥೆ ಕುಗ್ಗಿರುವುದನ್ನು ಗುರುತಿಸಿತು. ಅವುಗಳ ಆಹಾರದಲ್ಲಿ ಬಿ3 ಜೀವಸತ್ವದ ಒಂದು ರೂಪವಾದ ನಿಕೋಟಿನಮೈಡ್ ರೈಬೋಸೈಡನ್ನು ಬೆರೆಸಿದಾಗ ಆ ವ್ಯವಸ್ಥೆ ಮರಳಿ ಚುರುಕಾಯಿತು. ಗಾಯಗೊಂಡ ಸ್ನಾಯುವಿನ ಮರುಬೆಳವಣಿಗೆಯೂ ಸುಧಾರಿಸಿತು. 2016ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಆದರೆ ಇದಕ್ಕೊಂದು ಮಿತಿಯಿದೆ. ಅಲ್ಪಕಾಲದ ಒತ್ತಡ ಎಚ್ಚರಿಕೆಯ ಗಂಟೆಯಾದರೆ, ತೀವ್ರವಾಗಿ ಬಹುಕಾಲ ಮುಂದುವರಿದ ಒತ್ತಡ ಕೋಶವನ್ನೇ ಬಲಿ ತೆಗೆದುಕೊಳ್ಳಬಲ್ಲದು. ಮೇಲಾಗಿ, ಇಲಿಯಲ್ಲಿ ಫಲಿಸಿದ್ದು ಮನುಷ್ಯನಲ್ಲಿಯೂ ಅಷ್ಟೇ ಫಲಿಸುವುದೆಂದು ಸಿದ್ಧವಾಗಿಲ್ಲ. ಆದುದರಿಂದ ಯೌವನವನ್ನು ಮರಳಿಸುವೆವೆಂಬ ಮಾತ್ರೆಗಳ ಜಾಹೀರಾತಿಗೆ ಮಾರುಹೋಗದೆ, ಮನೆಯ ಹಿರಿಯರಿಗೆ ಪೆಟ್ಟಾದಾಗ ವೈದ್ಯರ ಸಲಹೆಯನ್ನು ಪಡೆಯುವುದೇ ವಿವೇಕ.