ದುರ್ಬಲ ಹೃದಯವೂ ಉಪ್ಪಿನ ಪಥ್ಯವೂ

2022ನೆಯ ಇಸವಿಯಲ್ಲಿ ನಮ್ಮ ಪತ್ರಿಕೆಯ ಒಳಪುಟದಲ್ಲಿ ಆರು ಸಾಲುಗಳ ವಾರ್ತೆಯೊಂದು ಪ್ರಕಟವಾಗಿದ್ದಿತು. ಹೃದಯವೈಫಲ್ಯದ ರೋಗಿಗಳಿಂದ ಉಪ್ಪನ್ನು ಕಡಿಮೆ ಮಾಡಿಸಿ ನೋಡಿದ ದೊಡ್ಡದೊಂದು ಪರೀಕ್ಷೆಯಲ್ಲಿ ಮರಣವಾಗಲಿ ಆಸ್ಪತ್ರೆ ಸೇರುವುದಾಗಲಿ ಗಣನೀಯವಾಗಿ ತಗ್ಗಲಿಲ್ಲವೆಂಬುದು ಅದರ ಸಾರಾಂಶ. ವಾರ್ತೆಯೇನೋ ಸತ್ಯವೇ. ಆದರೆ ಅದಕ್ಕೆ "ಹೃದ್ರೋಗಿಗಳಿಗೆ ಉಪ್ಪಿನ ಪಥ್ಯ ಬೇಡ" ಎಂಬ ತಲೆಬರಹವನ್ನು ಕೊಟ್ಟವರು ನಾವು. ಆ ತಲೆಬರಹದ ಫಲವನ್ನು ಕಳೆದ ತಿಂಗಳು ಕಣ್ಣಾರೆ ಕಂಡು ಬಂದಿರುವುದರಿಂದ, ಈ ಕೆಲವು ಮಾತುಗಳನ್ನು ವಾಚಕ ಮಹಾಶಯರಲ್ಲಿ ಅರಿಕೆ ಮಾಡಿಕೊಳ್ಳುವುದು ನಮ್ಮ ಕರ್ತವ್ಯವಾಗಿದೆ.

ನಮ್ಮ ತೀರ್ಥರೂಪರ ಕಾಲದಿಂದ ನಮ್ಮ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದ ಹಿರಿಯರೊಬ್ಬರು ಈಗ ನಿವೃತ್ತರಾಗಿ ಮನೆಯಲ್ಲಿದ್ದಾರೆ. ಅವರ ಹೃದಯದ ಬಲ ಕುಂದಿ ಕೆಲವು ವರ್ಷಗಳಾದವು. ಸೊಸೆಯು ಉಪ್ಪಿನಕಾಯಿಯ ಭರಣಿಯನ್ನು ಅಟ್ಟದ ಮೇಲಿಟ್ಟಾಗ, ಅವರು ಪಂಚಾಂಗದ ನಡುವೆ ಜೋಪಾನವಾಗಿಟ್ಟಿದ್ದ ನಮ್ಮ ಆರು ಸಾಲುಗಳ ತುಣುಕನ್ನು ತೆಗೆದು ತೋರಿಸಿದರಂತೆ. ಭರಣಿ ಕೆಳಗಿಳಿಯಿತು. ಮೊಮ್ಮಗಳ ಮದುವೆಯಲ್ಲಿ ಮೂರು ದಿನ ಹಪ್ಪಳ, ಸಂಡಿಗೆ, ಗೊಜ್ಜುಗಳ ಊಟ ಸಾಂಗವಾಗಿ ನಡೆಯಿತು. ನಾಲ್ಕನೆಯ ರಾತ್ರಿ ಮಲಗಿದರೆ ಉಸಿರು ಕಟ್ಟುವಂತಾಗಿ, ಗೋಡೆಗೆ ಒರಗಿ ಕುಳಿತೇ ಬೆಳಗು ಮಾಡಿ, ಆಸ್ಪತ್ರೆಗೆ ಸೇರಬೇಕಾಯಿತು. ನಾವು ಹೋಗಿ ನೋಡಿದಾಗ ಅವರು ಆಡಿದ ಮಾತು ಇಷ್ಟೇ: "ನೀವೇ ಅಚ್ಚು ಹಾಕಿದ್ದಲ್ಲವೇ, ಸ್ವಾಮಿ?" ಜೀವಮಾನವೆಲ್ಲ ನಮ್ಮ ತಪ್ಪುಗಳನ್ನು ತಿದ್ದಿದವರಿಗೆ ನಾವು ಕೊಟ್ಟ ಉಡುಗೊರೆಯಿದು!

ಹೃದಯವೈಫಲ್ಯವೆಂದರೆ ಹೃದಯವು ನಿಂತುಹೋಗುವುದೆಂದು ಜನರು ಭಾವಿಸುವುದುಂಟು. ಅದು ಸರಿಯಲ್ಲ. ಹೃದಯವು ಬಡಿಯುತ್ತಲೇ ಇರುತ್ತದೆ. ದೇಹಕ್ಕೆ ಬೇಕಾದಷ್ಟು ರಕ್ತವನ್ನು ಸರಾಗವಾಗಿ ನೂಕಲು ಮಾತ್ರ ಅದಕ್ಕೆ ಶಕ್ತಿ ಸಾಲದು. ಮೂತ್ರಪಿಂಡಗಳಿಗೆ ರಕ್ತವು ಕಡಿಮೆಯಾಗಿ ತಲುಪಿದಾಗ, ದೇಹದಲ್ಲಿ ನೀರು ಬತ್ತಿತೆಂದು ಅವು ತಪ್ಪಾಗಿ ತಿಳಿದು, ಹೊರಗೆ ಹಾಕಬೇಕಾದ ಉಪ್ಪನ್ನು ಹಿಡಿದಿಡುತ್ತವೆ. ಉಪ್ಪು ನಿಂತಲ್ಲಿ ನೀರೂ ನಿಲ್ಲುತ್ತದೆ. ನಮ್ಮ ಶರೀರದ ದ್ರವದಲ್ಲಿ ಲೀಟರೊಂದಕ್ಕೆ ಸುಮಾರು 9 ಗ್ರಾಂ ಉಪ್ಪಿನ ಪ್ರಮಾಣವಿರುವುದರಿಂದ, ಹೊರಗೆ ಹೋಗದೆ ಉಳಿದ 9 ಗ್ರಾಂ ಉಪ್ಪು ಸುಮಾರು ಒಂದು ಲೀಟರು ನೀರನ್ನು ತನ್ನೊಡನೆ ಇರಿಸಿಕೊಳ್ಳುತ್ತದೆ. ಆ ನೀರು ಮೊದಲು ಪಾದಗಳಿಗೆ ಇಳಿದು ಊತವಾಗುತ್ತದೆ. ಮಲಗಿದಾಗ ಶ್ವಾಸಕೋಶಗಳನ್ನು ಸೇರಿ ಉಸಿರನ್ನು ಕಟ್ಟುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆಗಳನ್ನು ವೈದ್ಯರು ಕೊಡುವುದು ಉಪ್ಪನ್ನೂ ಅದರೊಡನೆ ನೀರನ್ನೂ ಹೊರಗೆ ಹಾಕಿಸುವುದಕ್ಕಾಗಿ. ಬೆಳಗ್ಗೆ ಮಾತ್ರೆಯನ್ನು ನುಂಗಿ ಮಧ್ಯಾಹ್ನ ಉಪ್ಪಿನಕಾಯಿಯನ್ನು ಸವಿಯುವುದು ಒಂದು ಕೈಯಿಂದ ಕೆರೆಯ ತೂಬನ್ನೆತ್ತಿ ಇನ್ನೊಂದು ಕೈಯಿಂದ ಕಾಲುವೆಯನ್ನು ಕೆರೆಗೆ ತಿರುಗಿಸಿದಂತೆ.

ಇದು ಹೊಸ ಜ್ಞಾನವೇನೂ ಅಲ್ಲ. ಅತಿಯಾಗಿ ಸೇವಿಸಬಾರದ ಮೂರು ದ್ರವ್ಯಗಳೆಂದು ಚರಕಸಂಹಿತೆಯ ವಿಮಾನಸ್ಥಾನವು ಹೆಸರಿಸುವ ಹಿಪ್ಪಲಿ, ಕ್ಷಾರ, ಲವಣಗಳಲ್ಲಿ ಉಪ್ಪು ಒಂದು. ರಷ್ಯಾದೇಶದ ರಾಜವೈದ್ಯ ಕಾರೆಲ್ ಎಂಬಾತನು 1860ರ ದಶಕದಲ್ಲಿ ಊತದ ರೋಗಿಗಳಿಗೆ ಬೇರೆ ಆಹಾರವಿಲ್ಲದೆ ಕೆನೆ ತೆಗೆದ ಹಾಲನ್ನು ಅಳತೆಯಿಂದ ಕೊಟ್ಟು ಊತವನ್ನು ಇಳಿಸುತ್ತಿದ್ದನು. ಹಾಲಿನಲ್ಲೇ ಏನೋ ಗುಣವಿದೆಯೆಂದು ಬಹುಮಂದಿ ನಂಬಿದ್ದರು. ಹಾಲಿನಲ್ಲಿ ಇದ್ದುದಕ್ಕಿಂತ ಇಲ್ಲದುದೇ ಅಲ್ಲಿ ಕೆಲಸ ಮಾಡಿತೆಂಬುದು, 1903ರಲ್ಲಿ ಪ್ಯಾರಿಸಿನ ವೈದ್ಯ ವಿದಾಲನೂ ಅವನ ಸಹಚರರೂ ಮೂತ್ರಪಿಂಡದ ರೋಗಿಗಳಿಗೆ ಉಪ್ಪನ್ನು ಕೊಟ್ಟು, ಮತ್ತೆ ತೆಗೆದು, ಊತವು ಏರಿಳಿಯುವುದನ್ನು ತೋರಿಸಿದ ಮೇಲೆ ಸ್ಪಷ್ಟವಾಯಿತು.

ಹಾಗಾದರೆ 2022ರ ಪರೀಕ್ಷೆಯು ಹೇಳಿದ್ದೇನು? ಕೆನಡ, ಆಸ್ಟ್ರೇಲಿಯ, ನ್ಯೂಜಿಲೆಂಡ್, ಮೆಕ್ಸಿಕೊ, ಚಿಲಿ, ಕೊಲಂಬಿಯ ಎಂಬ ಆರು ದೇಶಗಳ 806 ರೋಗಿಗಳನ್ನು ಎರಡು ಪಂಗಡ ಮಾಡಿ, ಒಂದು ಪಂಗಡಕ್ಕೆ ಕಟ್ಟುನಿಟ್ಟಿನ ಪಥ್ಯವನ್ನು ವಿಧಿಸಿದರು. ಇನ್ನೊಂದಕ್ಕೆ ವಾಡಿಕೆಯ ಸಲಹೆಯಷ್ಟೇ. ಒಂದು ವರ್ಷದಲ್ಲಿ ಮರಣ, ಹೃದ್ರೋಗಕ್ಕಾಗಿ ಆಸ್ಪತ್ರೆವಾಸ, ತುರ್ತು ಚಿಕಿತ್ಸೆ ಇವುಗಳಲ್ಲಿ ಒಂದಕ್ಕೆ ಗುರಿಯಾದವರು ಪಥ್ಯದವರಲ್ಲಿ ನೂರಕ್ಕೆ 15, ಉಳಿದವರಲ್ಲಿ ನೂರಕ್ಕೆ 17. ಇಷ್ಟು ಅಂತರವು ಆಕಸ್ಮಿಕವೂ ಆಗಿರಬಹುದಾದ್ದರಿಂದ ಪ್ರಯೋಜನವು ಸಿದ್ಧವಾಗಲಿಲ್ಲವೆಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಪಥ್ಯದವರ ಆಯಾಸ ಕೊಂಚ ತಗ್ಗಿ ದಿನಚರಿಯು ಕೊಂಚ ಸುಗಮವಾಯಿತೆಂಬುದೂ ಅದೇ ವರದಿಯಲ್ಲಿದ್ದಿತು; ತಾವು ಪಥ್ಯದಲ್ಲಿದ್ದೇವೆಂದು ರೋಗಿಗಳಿಗೆ ತಿಳಿದಿದ್ದ ಕಾರಣ ಇದಕ್ಕೆ ಪೂರ್ಣ ಬೆಲೆ ಕಟ್ಟಲಾಗದು. ಆದರೂ ನಾವು ಅದನ್ನು ಅಚ್ಚು ಹಾಕಲಿಲ್ಲ. ಸ್ಥಳಾಭಾವ!

ನಾವು ನೋಡದೆಹೋದ ಮುಖ್ಯಾಂಶ ಬೇರೊಂದಿದೆ. ಆ ಪಥ್ಯದವರು ಪರೀಕ್ಷೆಯನ್ನು ಸೇರಿದಾಗಲೇ ದಿನಕ್ಕೆ ಉಣ್ಣುತ್ತಿದ್ದುದು ಸುಮಾರು 5.8 ಗ್ರಾಂ ಉಪ್ಪು, ಅದನ್ನು 4.2 ಗ್ರಾಮಿಗೆ ಇಳಿಸಿದರು. ಮತ್ತೊಂದು ಪಂಗಡದವರು 5.3 ಗ್ರಾಮಿನಲ್ಲಿದ್ದರು. ಎಂದರೆ ಹೋಲಿಸಿ ನೋಡಿದ್ದು ಮಿತವಾಗಿ ಉಣ್ಣುವವರನ್ನೂ ಇನ್ನೂ ಮಿತವಾಗಿ ಉಣ್ಣುವವರನ್ನೂ; ನಡುವಣ ಅಂತರ ಒಂದು ಗ್ರಾಂ ಮಾತ್ರ. ಪ್ರಾಯದವರಿಗೆ ದಿನಕ್ಕೆ 5 ಗ್ರಾಮಿಗಿಂತ, ಎಂದರೆ ಒಂದು ಟೀ ಚಮಚಕ್ಕಿಂತ, ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಮತ. ಲೋಕದ ಸರಾಸರಿಯಾದರೋ 10.8 ಗ್ರಾಂ ಎಂದು ಅದೇ ಸಂಸ್ಥೆಯು 2023ರಲ್ಲಿ ಹೇಳಿತು. ಹತ್ತು ಗ್ರಾಂ ಉಣ್ಣುವವನಿಗೆ ಈ ಪರೀಕ್ಷೆಯು ಯಾವ ಅಭಯವನ್ನೂ ಕೊಟ್ಟಿಲ್ಲ. ಅಮೆರಿಕದ ಹೃದ್ರೋಗತಜ್ಞರ ಸಂಘಗಳು ಅದೇ 2022ರಲ್ಲಿ ಹೊರಡಿಸಿದ ಸೂಚನೆಗಳಲ್ಲಿಯೂ, ಅತಿಯಾದ ಉಪ್ಪನ್ನು ವರ್ಜಿಸುವುದು ಯುಕ್ತವೆಂದೇ ಇದೆ.

ನಮ್ಮ ಅಡಿಗೆಮನೆಗಳ ಸ್ಥಿತಿಯನ್ನು ವಾಚಕರೇ ಬಲ್ಲರು. ಸಾರಿಗೆ ಹಾಕುವ ಉಪ್ಪು ಕಣ್ಣಿಗೆ ಕಾಣುತ್ತದೆ. ಹಪ್ಪಳದಲ್ಲಿ, ಮಜ್ಜಿಗೆ ಮೆಣಸಿನಕಾಯಿಯಲ್ಲಿ, ಚಟ್ನಿಪುಡಿಯಲ್ಲಿ, ಕರಾವಳಿಯವರ ಒಣಮೀನಿನಲ್ಲಿ, ಬೇಕರಿಯ ಬ್ರೆಡ್ಡಿನಲ್ಲಿ ಅಡಗಿರುವುದನ್ನು ಲೆಕ್ಕವಿಡುವವರಾರು? ಸೈಂಧವ ಲವಣವು ನಿರಪಾಯವೆಂದು ಹೇಳುವವರೂ ಇದ್ದಾರೆ. ಅದರ ಬಹುಭಾಗವೂ ಇದೇ ಸೋಡಿಯಂ ಕ್ಲೋರೈಡ್ ಆಗಿರುತ್ತದೆ. ಇನ್ನು ಸೋಡಿಯಂ ಕಡಿಮೆ ಮಾಡಿ ಪೊಟ್ಯಾಸಿಯಂ ಬೆರೆಸಿದ ಉಪ್ಪಿನ ವಿಷಯ. ಚೀನಾದೇಶದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ನಡೆಸಿ 2021ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಅದರಿಂದ ಪಾರ್ಶ್ವವಾಯು ನೂರಕ್ಕೆ 14ರಷ್ಟು ತಗ್ಗಿದ್ದು ನಿಜ. ಆದರೆ ಅವರು ರಕ್ತದ ಒತ್ತಡದವರು ಅಥವಾ ಹಿಂದೆ ಪಾರ್ಶ್ವವಾಯುವಿಗೆ ಗುರಿಯಾಗಿದ್ದವರು. ಹೃದಯವೈಫಲ್ಯಕ್ಕೆ ಕೊಡುವ ಕೆಲವು ಔಷಧಗಳು ಪೊಟ್ಯಾಸಿಯಮ್ಮನ್ನು ದೇಹದಲ್ಲಿ ನಿಲ್ಲಿಸುವುದರಿಂದಲೂ, ಅಂಥವರ ಮೂತ್ರಪಿಂಡಗಳು ಅನೇಕ ವೇಳೆ ದುರ್ಬಲವಾಗಿರುವುದರಿಂದಲೂ, ವೈದ್ಯರನ್ನು ಕೇಳದೆ ಈ ಉಪ್ಪನ್ನು ಬಳಸಿದರೆ ಹೃದಯದ ಗತಿಯೇ ಕೆಡಬಹುದು. ನಮ್ಮ ಪತ್ರಿಕೆಯ ಮಾತನ್ನು ನಂಬಿ ಯಾರೂ ಅದನ್ನು ಕೊಳ್ಳದಿರಲಿ.

ಹಾಗೆಂದು ಪೂರ್ತಿ ಸಪ್ಪೆಯ ಪಥ್ಯವನ್ನು ನಾವು ಬೋಧಿಸುತ್ತಿಲ್ಲ. ರುಚಿಯಿಲ್ಲದೆ ಅನ್ನವನ್ನೇ ಬಿಟ್ಟು ಕೃಶರಾದ ವೃದ್ಧರನ್ನು ನಾವು ಕಂಡಿದ್ದೇವೆ. ಅದೂ ಈ ರೋಗದಲ್ಲಿ ಒಳ್ಳೆಯದಲ್ಲ. ನಿಂಬೆ, ಹುಣಿಸೆ, ಮೆಣಸು, ಜೀರಿಗೆ, ಕೊತ್ತಂಬರಿಗಳಿಗೆ ಯಾವ ನಿಷೇಧವೂ ಇಲ್ಲವೆಂಬುದನ್ನು ಮನೆಯ ಹೆಂಗಸರಿಗೆ ವೈದ್ಯರು ಒಂದು ಮಾತು ತಿಳಿಸಿದರೆ ಎಷ್ಟೋ ಉಪಕಾರವಾದೀತು.

ಆ ಹಿರಿಯರು ಈಗ ಮನೆಗೆ ಮರಳಿದ್ದಾರೆ. ಪ್ರತಿದಿನ ಬೆಳಗ್ಗೆ ಮಾತ್ರೆಗೆ ಮುಂಚೆ ತಕ್ಕಡಿಯ ಮೇಲೆ ನಿಂತು ತೂಕವನ್ನು ಬರೆದಿಡಬೇಕೆಂದೂ, ಮೂರು ದಿನಗಳಲ್ಲಿ ಎರಡು ಕಿಲೋ ಏರಿದರೆ ಊತವನ್ನು ಕಾಯದೆ ಬಂದುಬಿಡಬೇಕೆಂದೂ ವೈದ್ಯರು ವಿಧಿಸಿದ್ದಾರೆ. ಈ ಲೇಖನದ ಕರಡನ್ನು ಮೊನ್ನೆ ಅವರಿಗೆ ಕಳುಹಿಸಿದ್ದೆವು. ಎರಡು ಅಕ್ಷರದೋಷಗಳನ್ನು ತಿದ್ದಿ, ಅಂಚಿನಲ್ಲಿ ಆ ದಿನದ ತಮ್ಮ ತೂಕವನ್ನೂ ಬರೆದು ಹಿಂದಿರುಗಿಸಿದ್ದಾರೆ.