ಹೆಸರಿನ ಒಡೆತನ

ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ನಿಂತು ‘ಶ್ರೀನಿವಾಸಾ’ ಎಂದು ಗಟ್ಟಿಯಾಗಿ ಕೂಗಿದರೆ ನಾಲ್ಕಾರು ಮಂದಿಯಾದರೂ ತಿರುಗಿ ನೋಡಿಯಾರು. ಆ ಊರಿನ ಹೆಸರೂ ಅದೇ. ಮೊದಲು ಪಾಪನಪಲ್ಲಿ ಎನಿಸಿಕೊಂಡಿದ್ದ ಊರಿಗೆ ದಿವಾನ್ ಪೂರ್ಣಯ್ಯನವರು ತಮ್ಮ ಮಗನ ಹೆಸರನ್ನಿಟ್ಟರೆಂದು ಹೇಳುತ್ತಾರೆ. ಅದೇ ಜಿಲ್ಲೆಯ ಮಾಲೂರು ತಾಲ್ಲೂಕಿನಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರರು (1891–1986) ‘ಶ್ರೀನಿವಾಸ’ ಎಂಬುದನ್ನೇ ಕಾವ್ಯನಾಮವಾಗಿ ಆರಿಸಿಕೊಂಡರು. ಅದಕ್ಕಾಗಿ ಅವರು ಯಾರ ಅಪ್ಪಣೆಯನ್ನೂ ಕೇಳಬೇಕಾಗಿರಲಿಲ್ಲ.

ಇದಕ್ಕೆ ವಿರುದ್ಧವಾದ ಒಂದು ವಿಚಿತ್ರ ವಾದವುಂಟು. ಅಮೆರಿಕ, ಕೆನಡಾ ದೇಶಗಳಲ್ಲಿ ಕೆಲವರು ಹೀಗೆನ್ನುತ್ತಾರೆ: “ನನ್ನ ಹೆಸರಿಗೆ ನಾನು ಕೃತಿಸ್ವಾಮ್ಯ ಪಡೆದಿದ್ದೇನೆ. ನನ್ನ ಒಪ್ಪಿಗೆಯಿಲ್ಲದೆ ನ್ಯಾಯಾಲಯವಾಗಲಿ ಬ್ಯಾಂಕಾಗಲಿ ಅದನ್ನು ಬರೆಯಕೂಡದು; ಬರೆದರೆ ನನಗೆ ಹಣ ತೆರಬೇಕು.” ಸಾಲದ ನೋಟೀಸಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿರುವ ಹೆಸರು ತನ್ನದಲ್ಲ, ಸರ್ಕಾರ ಸೃಷ್ಟಿಸಿದ ಬೇರೊಬ್ಬ ವ್ಯಕ್ತಿಯದು ಎಂಬ ಮಾತೂ ಇದರೊಡನೆ ಸೇರಿರುತ್ತದೆ. (ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದವೇ ಇಲ್ಲ, ಈ ವಾದ ಕನ್ನಡದಲ್ಲಿ ಹುಟ್ಟಲಾರದು!) ಇಂಥ ಪತ್ರಗಳ ಮಾದರಿಗಳನ್ನು ಬೆಲೆಗೆ ಮಾರುವವರೂ ಇದ್ದಾರೆ. ಕೊಂಡವರು ಸಾಲದ ಹೊರೆ ಇಳಿಯಿತೆಂದು ನಂಬುತ್ತಾರೆ; ಕೊನೆಗೆ ಮೊಕದ್ದಮೆಯಲ್ಲಿ ಸೋತು ಕೈಯಲ್ಲಿದ್ದ ಹಣವನ್ನೂ ಕಳೆದುಕೊಳ್ಳುತ್ತಾರೆ. 2012ರಲ್ಲಿ ಕೆನಡಾದ ಆಲ್ಬರ್ಟಾ ಪ್ರಾಂತದ ನ್ಯಾಯಾಧೀಶ ಜಾನ್ ರೂಕ್ ಅವರು ವಿಚ್ಛೇದನದ ಒಂದು ಮೊಕದ್ದಮೆಯಲ್ಲಿ ದೀರ್ಘವಾದ ತೀರ್ಪನ್ನಿತ್ತು, ಈ ಬಗೆಯ ವಾದಗಳನ್ನು ಒಂದೊಂದಾಗಿ ಎತ್ತಿಕೊಂಡು ತಳ್ಳಿಹಾಕಿದರು.

ಹಾಗಾದರೆ ವಾದದ ತಪ್ಪೆಲ್ಲಿದೆ? ಕೃತಿಸ್ವಾಮ್ಯಕ್ಕೆ ಮೊದಲು ಒಂದು ಕೃತಿ ಬೇಕು. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯು ಸಾಹಿತ್ಯ, ನಾಟಕ, ಸಂಗೀತ, ಕಲಾಕೃತಿ, ಚಲನಚಿತ್ರ, ಧ್ವನಿಮುದ್ರಣಗಳನ್ನು ರಕ್ಷಿಸುತ್ತದೆ. ಎರಡು ಮೂರು ಪದಗಳ ಹೆಸರು ಕೃತಿಯಾಗದು. ಒಂದು ಚಲನಚಿತ್ರದ ಶೀರ್ಷಿಕೆಗೇ ಕೃತಿಸ್ವಾಮ್ಯವಿಲ್ಲವೆಂದು ನಮ್ಮ ಸರ್ವೋಚ್ಚ ನ್ಯಾಯಾಲಯ 2015ರಲ್ಲಿ ತೀರ್ಪಿತ್ತಿದೆ. ಅಷ್ಟಲ್ಲದೆ, ಈ ಹಕ್ಕು ಮೊದಲಿಗೆ ಸಲ್ಲುವುದು ಕರ್ತೃವಿಗೆ. ನಮ್ಮ ಹೆಸರನ್ನು ನಾವು ರಚಿಸಿದೆವೇ? ತೊಟ್ಟಿಲಲ್ಲಿದ್ದಾಗ ಕಿವಿಯಲ್ಲಿ ಹೆಸರು ಹೇಳಿದವರು ಅಜ್ಜಿಯಾದರೆ, ಹಕ್ಕು ಅಜ್ಜಿಗೇ ಹೋಗಬೇಕಾದೀತು!

ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರ ಉದಾಹರಣೆಯನ್ನು ನೋಡಿ. ಅವರು ತೀರಿಕೊಂಡುದು 1975ರಲ್ಲಿ. ಲೇಖಕನ ಮರಣಾನಂತರ 60 ವರ್ಷಗಳವರೆಗೆ ಕೃತಿಸ್ವಾಮ್ಯ ಉಳಿಯುವುದರಿಂದ, ಕಾಯಿದೆಯ ಲೆಕ್ಕದಲ್ಲಿ ‘ಮಂಕುತಿಮ್ಮನ ಕಗ್ಗ’ಕ್ಕೆ 2035ರ ಕೊನೆಯವರೆಗೆ ರಕ್ಷಣೆಯುಂಟು. ಕಗ್ಗವನ್ನು ತನ್ನದೆಂದು ಯಾರೂ ಅಚ್ಚು ಹಾಕಿಸುವಂತಿಲ್ಲ. ಆದರೆ ‘ಗುಂಡಪ್ಪ’ ಎಂಬ ಹೆಸರನ್ನು ಯಾರು ಬೇಕಾದರೂ ತಮ್ಮ ಮಗುವಿಗಿಡಬಹುದು.

ಹೀಗೆಂದ ಮಾತ್ರಕ್ಕೆ ಹೆಸರಿಗೆ ರಕ್ಷಣೆಯೇ ಇಲ್ಲವೆಂದಲ್ಲ. ಬೆಂಗಳೂರಿನಲ್ಲಿ ಹುಟ್ಟಿದ ಶಿವಾಜಿರಾವ್ ಗಾಯಕವಾಡರು ‘ರಜನೀಕಾಂತ್’ ಎಂದು ಪ್ರಸಿದ್ಧರಾದರು. ಆ ಹೆಸರನ್ನಿಟ್ಟವರು ನಿರ್ದೇಶಕ ಕೆ. ಬಾಲಚಂದರ್. ಅದನ್ನು ಬಳಸಿದ ಹಿಂದಿ ಚಿತ್ರವೊಂದರ ವಿರುದ್ಧ ಅವರು ಹೂಡಿದ ದಾವೆಯಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು 2015ರಲ್ಲಿ ತಡೆಯಾಜ್ಞೆ ನೀಡಿತು. ಆದರೆ ಅಲ್ಲಿ ರಕ್ಷಿತವಾದದ್ದು ಹೆಸರಿನ ಅಕ್ಷರಗಳಲ್ಲ, ಆ ನಟನ ವ್ಯಕ್ತಿತ್ವಕ್ಕೆ ಜನರಲ್ಲಿದ್ದ ಖ್ಯಾತಿ. ವ್ಯಾಪಾರದ ಹೆಸರಿಗೆ 1999ರ ವ್ಯಾಪಾರಚಿಹ್ನೆ ಕಾಯಿದೆಯಿದೆ. ಅದೂ ಕೋಲಾರದ ಅಂಗಡಿಯವನೊಬ್ಬ ಪ್ರಾಮಾಣಿಕವಾಗಿ ತನ್ನ ಸ್ವಂತ ಹೆಸರನ್ನು ಬಳಸುವುದಕ್ಕೆ ಅಡ್ಡಿಮಾಡುವುದಿಲ್ಲ. ಇನ್ನೊಬ್ಬನಂತೆ ನಟಿಸಿ ವಂಚಿಸುವುದಂತೂ ದಂಡನೀಯ ಅಪರಾಧ.

ಇಟ್ಟ ಹೆಸರು ಹಿಡಿಸದಿದ್ದರೆ ಬದಲಾಯಿಸಿಕೊಳ್ಳುವುದಕ್ಕೂ ಕ್ರಮವುಂಟು. ಪ್ರಮಾಣಪತ್ರ ಬರೆದು, ವೃತ್ತಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟು, ರಾಜ್ಯಪತ್ರದಲ್ಲಿಯೂ ಅದನ್ನು ಪ್ರಕಟಿಸಬಹುದು. ಆದರೆ ಹಳೆಯ ಹೆಸರಿನಲ್ಲಿ ಮಾಡಿದ ಸಾಲವನ್ನು ಹೊಸ ಹೆಸರಿನವನೇ ತೀರಿಸಬೇಕು.