ಕತ್ತರಿಸುವುದು ಸುಲಭ, ತಲುಪಿಸುವುದು ಕಷ್ಟ

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಮಂಗನ ಕಾಯಿಲೆಯ ವೈರಸ್ ಪತ್ತೆಯಾದದ್ದು 1957ರಲ್ಲಿ. ಅದೇ ವರ್ಷ ಅಮೆರಿಕದಲ್ಲಿ ರಾಬರ್ಟ್ ಚಾನಕ್ ಮತ್ತು ಸಂಗಡಿಗರು ಎಳೆಯ ಮಕ್ಕಳ ಉಸಿರು ಕಟ್ಟಿಸುವ ವೈರಸ್ ಆದ ಆರ್‌ಎಸ್‌ವಿಯನ್ನು ಮಕ್ಕಳಲ್ಲೇ ಗುರುತಿಸಿದರು. ಎರಡೂ ಆರ್‌ಎನ್‌ಎ ವೈರಸ್‌ಗಳು. ಫಾರ್ಮಲಿನ್‌ನಲ್ಲಿ ಕೊಂದ ವೈರಸ್ಸಿನ ಲಸಿಕೆ ಎರಡರ ವಿರುದ್ಧವೂ ಕೈಕೊಟ್ಟಿತು. 1960ರ ದಶಕದ ಪ್ರಯೋಗದಲ್ಲಿ ಆರ್‌ಎಸ್‌ವಿ ಲಸಿಕೆ ಪಡೆದ ಮಕ್ಕಳಿಗೇ ರೋಗ ಉಲ್ಬಣಿಸಿ ಇಬ್ಬರು ತೀರಿಕೊಂಡರು. ಮಂಗನ ಕಾಯಿಲೆಯ ಲಸಿಕೆಯ ಬಲ ಕುಂದಿ, 2022ರಲ್ಲಿ ಅದನ್ನು ನಿಲ್ಲಿಸಲಾಯಿತು.

ಡಿಎನ್‌ಎ ಮಾಹಿತಿ ಕಾಪಿಡುತ್ತದೆಯೇ ಹೊರತು ಕೆಲಸ ಮಾಡುವುದಿಲ್ಲ ಎಂಬ ನಂಬಿಕೆ ಮುರಿದದ್ದು 1994ರಲ್ಲಿ; ಲಸಿಕೆ ಬಿಟ್ಟು, ಇಂಥ ವೈರಸ್ಸುಗಳ ಆರ್‌ಎನ್‌ಎಯನ್ನೇ ಕತ್ತರಿಸುವ ದಾರಿ ತೆರೆದದ್ದೂ ಅಲ್ಲಿಂದಲೇ. ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಸ್ಥೆಯಲ್ಲಿ ರೊನಾಲ್ಡ್ ಬ್ರೇಕರ್ ಮತ್ತು ಜೆರಾಲ್ಡ್ ಜಾಯ್ಸ್ ಆರ್‌ಎನ್‌ಎ ಕೊಂಡಿಯನ್ನು ತುಂಡರಿಸುವ ಡಿಎನ್‌ಎಯನ್ನು ಆರಿಸಿ ತೆಗೆದರು. 1997ರಲ್ಲಿ ಸ್ಯಾಂಟೊರೊ ಮತ್ತು ಜಾಯ್ಸ್ ಕೊಟ್ಟ ‘10-23’ (ಹತ್ತನೇ ಸುತ್ತಿನ 23ನೇ ಮಾದರಿ, ಹೆಸರಿಡಲು ಪುರುಸೊತ್ತಿರಲಿಲ್ಲವೇನೋ) ಅಂಥ ಒಂದು ಡಿಎನ್‌ಎ ಕತ್ತರಿ. ಅದರ ಅಲಗು 15 ಅಕ್ಷರಗಳದ್ದು, ಬದಲಾಗದು; ಇಕ್ಕೆಲದ ತೋಳುಗಳ ಅಕ್ಷರ ಬದಲಿಸಿದರೆ ಬೇರೆ ವೈರಸ್ಸಿಗೆ ಗುರಿಯಿಡುತ್ತದೆ. 2006ರಲ್ಲಿ ಚೀನಾದ ಸಂಶೋಧಕರು ಆರ್‌ಎಸ್‌ವಿಯ ನ್ಯೂಕ್ಲಿಯೊಕ್ಯಾಪ್ಸಿಡ್ (ಆರ್‌ಎನ್‌ಎಗೆ ಹೊದಿಕೆಯಾಗುವ ಪ್ರೋಟೀನು) ವಂಶವಾಹಿಗೆ ಗುರಿಯಿಟ್ಟು, ಪ್ರಯೋಗಾಲಯದ ಜೀವಕೋಶಗಳಲ್ಲಿ ವೈರಸ್ ಬೆಳೆಯುವುದನ್ನು ತಗ್ಗಿಸಿದರು. ಹಾಗಾದರೆ ಮದ್ದು ಇನ್ನೂ ಏಕೆ ಬಂದಿಲ್ಲ? ಕತ್ತರಿ ಹದವಾಗಿಯೇ ಇದೆ, ಅದನ್ನು ಸೋಂಕಿತ ಕೋಶದೊಳಗೆ ಸೇರಿಸುವ ದಾರಿ ಹದವಾಗಿಲ್ಲ. ರಕ್ತದಲ್ಲಿ ಕಿಣ್ವಗಳು ಅದನ್ನು ಚೂರು ಮಾಡುತ್ತವೆ. ಒಳಹೊಕ್ಕರೂ ಕೆಲಸಕ್ಕೆ ಬೇಕಾದಷ್ಟು ಮೆಗ್ನೀಸಿಯಂ ಅಲ್ಲಿ ಸಿಗದು. ನನ್ನ ಮಟ್ಟಿಗೆ ಹಣವೂ ಬುದ್ಧಿಯೂ ಹೋಗಬೇಕಾದದ್ದು ಈ ದಾರಿಗೆ, ಇನ್ನೊಂದು ಕತ್ತರಿಗಲ್ಲ.

ಕತ್ತರಿ ತಲುಪಿಸಲು ಶ್ವಾಸಕೋಶವೇ ಅನುಕೂಲದ ಜಾಗ, ಏಕೆಂದರೆ ಮದ್ದನ್ನು ಉಸಿರಿನೊಡನೆ ನೇರ ಒಳಗೆ ಕಳಿಸಬಹುದು. 2015ರಲ್ಲಿ ಪ್ರಕಟವಾದ ಅಸ್ತಮಾ ಪ್ರಯೋಗದಲ್ಲಿ 40 ರೋಗಿಗಳ ಪೈಕಿ ಇಂಥ ಡಿಎನ್‌ಎಯನ್ನು 28 ದಿನ ಉಸಿರಿನಲ್ಲಿ ಪಡೆದವರಲ್ಲಿ ಅಲರ್ಜಿಕಾರಕಕ್ಕೆ ತಡವಾಗಿ ಏಳುವ ಅಸ್ತಮಾ ಪ್ರತಿಕ್ರಿಯೆ 34 ಪ್ರತಿಶತ ಇಳಿಯಿತು. ಅವರೆಲ್ಲ ವಯಸ್ಕರು, ಕಾಯಿಲೆಯೂ ಸೋಂಕಲ್ಲ ಎಂಬ ಆಕ್ಷೇಪ ನ್ಯಾಯವೇ. ರಕ್ತದಲ್ಲಿ ಹರಿಯುವ ಮಂಗನ ಕಾಯಿಲೆಗೆ ಈ ಅನುಕೂಲವೂ ಇಲ್ಲ. ಆರ್‌ಎಸ್‌ವಿಗೆ 2023ರಲ್ಲಿ ಅಮೆರಿಕ ಒಪ್ಪಿದ ನಿರ್ಸೆವಿಮ್ಯಾಬ್ ಚುಚ್ಚುಮದ್ದು, ಗರ್ಭಿಣಿಯರ ಲಸಿಕೆ ಇರುವಾಗ ಇದೇಕೆ ಎನ್ನಬಹುದು. ಅವು ತಡೆಯಲಿಕ್ಕೆ, ರೋಗ ಹಿಡಿದ ಮೇಲೆ ನೀಗಲಿಕ್ಕಲ್ಲ. 2019ರಲ್ಲಿ ಆರ್‌ಎಸ್‌ವಿಯಿಂದ ಐದು ವರ್ಷದೊಳಗಿನ ಸುಮಾರು 1 ಲಕ್ಷ ಮಕ್ಕಳು ತೀರಿಕೊಂಡರೆಂಬುದು ಅಂದಾಜು. ಅವರಲ್ಲಿ ಹೆಚ್ಚಿನವರು ಬಡ ಮತ್ತು ಮಧ್ಯಮ ಆದಾಯದ ದೇಶಗಳವರು. ಡಿಎನ್‌ಎ ಕತ್ತರಿಯಂತೆ ಯಂತ್ರದಲ್ಲಿ ರಾಸಾಯನಿಕವಾಗಿ ಜೋಡಿಸಬಹುದಾದ ಮದ್ದು ಅಂಥಲ್ಲಿಗೆ ಬೇಕು.

ಸದ್ಯಕ್ಕೆ ಆರ್‌ಎಸ್‌ವಿಯ ಮಟ್ಟಿಗೆ ಇದು ಪ್ರಯೋಗಾಲಯದ ಮಾತು. ರೋಗ ಬಂದರೆ ಆಮ್ಲಜನಕ, ದ್ರವಾಹಾರಗಳೇ ಆಸರೆ. ಶಿಕಾರಿಪುರವಾಗಲಿ ಸೊರಬವಾಗಲಿ, ಉಸಿರೆಳೆಯುವಾಗ ಕೂಸಿನ ಪಕ್ಕೆ ಒಳಸೆಳೆದರೆ, ಹಾಲು ಕುಡಿಯದೇ ಹೋದರೆ, ಮನೆಮದ್ದು ನೆಚ್ಚಿ ಕಾಯಬೇಡಿ, ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ.